ಎಂಜಲು ನಾಣ್ಯ

"ಇದು ಎಂಥದ್ದು ಅಂತ ನೋಡಿ ಹೇಳಿ, ಸಾಕು. ಬೆಲೆ ಮಾತ್ರ ಬಾಯಲ್ಲಿ ಹೇಳ್ಬೇಡಿ," ಎಂದಳು ಮುದುಕಿ.

ಬೆಲೆ ಹೇಳಿಯೇ ಹೊಟ್ಟೆ ಹೊರೆಯುವವನ ಮುಂದೆ ಕೂತು ಆಡುವ ಮಾತೇ ಇದು? ಪರೀಕ್ಷಕನಿಗೆ ನಗು ಬಂತು. ಹರಾಜಿನ ಅಂಗಡಿಗೆ ಅವನು ಹೊಸಬ. ಆದರೆ ಅಚ್ಚು ತಪ್ಪಿದ ನಾಣ್ಯಗಳ ವಿಷಯದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಹಮ್ಮು ಮಾತ್ರ ಹಳೆಯದು. ಟಂಕಸಾಲೆಯ ಯಂತ್ರ ಎಲ್ಲಿ ಎಡವಿದೆ, ಬಿಲ್ಲೆ ಎಲ್ಲಿ ಜಾರಿದೆ, ಅಚ್ಚು ಎಲ್ಲಿ ಬಿರುಕು ಬಿಟ್ಟಿದೆ ಎಂದು ಒಂದು ನೋಟದಲ್ಲಿ ಹೇಳುತ್ತಿದ್ದ. ಒಂದು ನೋಟ, ಒಂದು ನೆಕ್ಕು. ಹೌದು, ನೆಕ್ಕುತ್ತಿದ್ದ. ಆಸಿಡ್ಡಿನಲ್ಲಿ ತೊಳೆದ ನಾಣ್ಯ ನಾಲಿಗೆಗೆ ಹುಳಿ ಹತ್ತುತ್ತದೆ, ಲೇಪ ಹಾಕಿದ್ದು ಸಪ್ಪೆಯಾಗಿರುತ್ತದೆ ಎಂಬುದು ಅವನ ಶಾಸ್ತ್ರ. ಯಾರ ಬೆವರಿನ ಕೈಯೋ, ಯಾರ ಕಿಸೆಯ ಕೊಳೆಯೋ, ಯಾವ ಚರಂಡಿಯಿಂದ ಹೆಕ್ಕಿದ್ದೋ, ಎಲ್ಲವೂ ಆ ನಾಲಿಗೆಯ ತುದಿಗೆ ಒಂದೇ. ಎದುರಿಗೆ ಕೂತವರು ಮುಖ ತಿರುಗಿಸುತ್ತಿದ್ದರು. ಅಂಗಡಿಯ ಕೆಲಸದವರು ಬೆನ್ನ ಹಿಂದೆ ಅವನಿಗೆ ಇಟ್ಟಿದ್ದ ಹೆಸರು ನೆಕ್ಕಪ್ಪ.

ಅವನು ಕೂರುತ್ತಿದ್ದದ್ದು ಅಂಗಡಿಯ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ. ಒಂದು ಮೇಜು, ಒಂದು ಕುತ್ತಿಗೆ ಬಾಗಿದ ದೀಪ, ಒಂದು ಪುಟ್ಟ ತಕ್ಕಡಿ, ಒಂದು ಭೂತಗನ್ನಡಿ. ದೀಪದ ಬೆಳಕು ಮೇಜು ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಗೋಡೆಗಳೆಲ್ಲ ಕತ್ತಲೆಯಲ್ಲೇ ಇದ್ದವು. ತುಕ್ಕು, ಹಳೆ ಮಖಮಲ್ಲು, ಬೆವರು ಸೇರಿದ ವಾಸನೆಗೆ ಅವನು ಒಗ್ಗಿಹೋಗಿದ್ದ. ಆದರೆ ಮುದುಕಿ ತಗಡಿನ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ನಾತವೇ ಬೇರೆ. ಬಹಳ ದಿನ ಮುಕ್ಕಳಿಸದ ಬಾಯಿ ಹತ್ತಿರ ಬಂದು ಉಸಿರು ಬಿಟ್ಟ ಹಾಗಿತ್ತು.

"ಯಾಕಮ್ಮಾ, ಬೆಲೆ ಹೇಳಿದ್ರೆ ಟ್ಯಾಕ್ಸಿನವರು ಬಂದುಬಿಡ್ತಾರಾ?"

"ಬೆಲೆ ಕಟ್ಟಿದವರ ಬಾಯಿ ಕೆಡುತ್ತೆ. ಇದು ಮಾಟ ಹಾಕಿರೋ ನಾಣ್ಯ."

"ನನ್ನ ಬಾಯಿ ಕೆಟ್ಟು ಯಾವ ಕಾಲ ಆಯ್ತೋ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ!"

ಮುದುಕಿ ನಗಲಿಲ್ಲ. ಡಬ್ಬಿಯೊಳಗಿನ ಬಟ್ಟೆ ಒದ್ದೆಯಾಗಿತ್ತು. ನಾಣ್ಯ ಅದರ ಮೇಲೆ ಹಸಿಹಸಿಯಾಗಿ ಹೊಳೆಯುತ್ತ ಬಿದ್ದಿತ್ತು. ಅವಳು ಅದನ್ನು ಮುಟ್ಟಲಿಲ್ಲ, ಅದರ ಕಡೆ ನೋಡಲೂ ಇಲ್ಲ.

ಪರೀಕ್ಷಕ ಅದನ್ನು ಎತ್ತಿ ದೀಪಕ್ಕೆ ಹಿಡಿದ. ಒಂದು ಬದಿಯಲ್ಲಿ ಉಬ್ಬಿದ ಮುಖ, ನೆಟ್ಟಗೆ, ಚೊಕ್ಕವಾಗಿ. ತಿರುಗಿಸಿದರೆ ಇನ್ನೊಂದು ಬದಿಯಲ್ಲೂ ಅದೇ ಮುಖ, ಆದರೆ ಒಳಕ್ಕೆ ಕುಸಿದು, ಎಡಬಲ ಅದಲುಬದಲಾಗಿ. ನಾಣ್ಯದವರು ಇದನ್ನು ಬ್ರಾಕೇಜ್ ಎನ್ನುತ್ತಾರೆ. ಯಂತ್ರ ಒಂದು ನಾಣ್ಯ ಒತ್ತಿದ ಮೇಲೆ ಅದು ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಂಡುಬಿಡುತ್ತದೆ. ಮುಂದಿನ ಬಿಲ್ಲೆ ಬಂದಾಗ ಅಚ್ಚಿನ ಬದಲು ಆ ಅಂಟಿಕೊಂಡ ನಾಣ್ಯವೇ ಅದರ ಮೈಮೇಲೆ ಬಂದು ಕೂರುತ್ತದೆ. ಹಿಂದಿನದರ ಮುಖ ಮುಂದಿನದರ ಬೆನ್ನಿನಲ್ಲಿ ಗುಳಿ ಬೀಳುತ್ತದೆ.

ಇದನ್ನು ನಕಲು ಮಾಡುವ ಕಳ್ಳರೂ ಇದ್ದಾರೆ. ಎರಡು ನಾಣ್ಯ ಜೋಡಿಸಿ ವೈಸಿನ ಕಬ್ಬಿಣದ ದವಡೆಯಲ್ಲಿ ಕಚ್ಚಿಸಿ ತಿರುಗಿಸುತ್ತಾರೆ. ಗುಳಿ ಬೀಳುತ್ತದೆ, ಆದರೆ ಇನ್ನೊಂದು ಬದಿಯ ಉಬ್ಬಿದ ಮುಖ ಚಪ್ಪಟೆಯಾಗಿ ಹೋಗುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ಮೂಗು, ಕಿವಿ, ಕೂದಲ ಗೆರೆ ಎಲ್ಲ ನೆಟ್ಟಗಿದ್ದವು. ತೂಕ ಸರಿಯಿತ್ತು. ಅಂಚಿನಲ್ಲಿ ಒತ್ತಿದ ಗುರುತಿರಲಿಲ್ಲ. ಇನ್ನು ಉಳಿದದ್ದು ಅವನ ಕೊನೆಯ ಪರೀಕ್ಷೆ.

"ಅಯ್ಯೋ, ಬೇಡ!" ಎಂದಳು ಮುದುಕಿ.

ಅವನು ನಾಲಿಗೆ ಚಾಚಿ ನಾಣ್ಯದ ಗುಳಿಗೆ ಮುಟ್ಟಿಸಿದ. ಹುಳಿ ಇಲ್ಲ, ಸಪ್ಪೆ ಇಲ್ಲ. ಬೆಚ್ಚಗಿತ್ತು. ಯಾರದೋ ಬಾಯಿಂದ ಈಗ ತಾನೇ ತೆಗೆದು ಕೊಟ್ಟಷ್ಟು ಬೆಚ್ಚಗೆ. ಒಂದು ಕ್ಷಣ ಅವನಿಗೂ ಅಸಹ್ಯವಾಯಿತು. ಆದರೆ ಆಸೆ ಅಸಹ್ಯಕ್ಕಿಂತ ದೊಡ್ಡದು.

"ಬೆಲೆ ಹೇಳಬಾರದಾ? ಕೇಳಿಸ್ಕೊಳ್ಳಿ ಹಾಗಾದ್ರೆ. ಎಂಟು ಲಕ್ಷ! ಒಂದು ಪೈಸೆ ಕಮ್ಮಿ ಇಲ್ಲ. ಎಂಟು ಲಕ್ಷ!" ಹೊರಗಿನ ಅಂಗಡಿಗೂ ಕೇಳಲಿ ಎಂದು ಕೂಗಿಯೇ ಹೇಳಿದ.

ಮುದುಕಿ ಕಣ್ಣು ಮುಚ್ಚಿ ಗೋಡೆ ಹಿಡಿದು ನಿಂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಾನು ಹೇಳ್ದೆ. ಹೇಳಿಲ್ಲ ಅಂತ ಮಾತ್ರ ಅನ್ಬೇಡಿ," ಎಂದು ಆ ವಯಸ್ಸಿಗೆ ಒಪ್ಪದ ಅವಸರದಲ್ಲಿ ಬಾಗಿಲು ದಾಟಿ ಓಡಿದಳು. ನಾಣ್ಯ ಅಲ್ಲೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವನಿಗೂ ಗೊತ್ತಿತ್ತು. ಗಾದೆ ಗೊತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡಿರುತ್ತಾರೆಯೇ?

ಮೊದಲು ಬಂದದ್ದು ಬರೀ ಜೊಲ್ಲು. ಮಾತಿನ ನಡುವೆ ಬಾಯಿ ತುಂಬುತ್ತಿತ್ತು, ನುಂಗಿದರೆ ಮತ್ತೆ ತುಂಬುತ್ತಿತ್ತು. ಅದಕ್ಕೆ ಹೊಗೆಸೊಪ್ಪಿನ ರುಚಿ. ಪರೀಕ್ಷಕ ಹುಟ್ಟಿದಾರಭ್ಯ ಹೊಗೆಸೊಪ್ಪು ಮುಟ್ಟಿದವನಲ್ಲ. ತನ್ನ ಬಾಯಲ್ಲಿ ಊರುತ್ತಿರುವುದು ತನ್ನದಲ್ಲ, ಬೇರೆ ಯಾರದೋ ಎಂಜಲು ಎಂದು ಹೊಳೆದಾಗ ಅವನು ನಲ್ಲಿಯ ಕೆಳಗೆ ಬಾಯಿ ಹಿಡಿದು ನಿಂತ. ಎಷ್ಟು ತೊಳೆದರೂ ಹೋಗಲಿಲ್ಲ. ಜಗತ್ತಿನ ಎಂಜಲನ್ನೆಲ್ಲ ನೆಕ್ಕಿ ಗೆದ್ದವನಿಗೆ ಈಗ ತನ್ನ ಬಾಯಿಯನ್ನು ಕಂಡರೇ ಹೇಸಿಗೆ.

ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಾಯಿ ಚೆನ್ನಾಗಿಯೇ ಇದೆಯಲ್ರೀ," ಎಂದರು. ಅಲ್ಲಿಂದ ಮೆಟ್ಟಿಲಿಳಿಯುವಾಗಲೇ ನಾಲಿಗೆಯ ಅಡಿಯಲ್ಲಿ ಏನೋ ಗುಂಡಗೆ, ಮೆತ್ತಗೆ ಹೊರಳಿತು. ಮೂಲೆಯಲ್ಲಿ ನಿಂತು ಅಂಗೈಗೆ ಉಗಿದುಕೊಂಡ. ಒಂದು ಬಿಲ್ಲೆ. ಲೋಹವಲ್ಲ, ಚರ್ಮ. ಒಳಗೆನ್ನೆಯಿಂದ ಕತ್ತರಿಸಿ ತೆಗೆದಂತೆ ದುಂಡಗೆ, ಬೆಳ್ಳಗೆ, ಲೋಳೆಲೋಳೆಯಾಗಿ. ಅದರ ಒಂದು ಬದಿಯಲ್ಲಿ ಒಂದು ಮುಖ ಉಬ್ಬಿತ್ತು. ಇನ್ನೊಂದು ಬದಿಯಲ್ಲಿ ಅದೇ ಮುಖ ಗುಳಿ ಬಿದ್ದಿತ್ತು. ನಾಣ್ಯದ ಮೇಲಿದ್ದ ಮುಖವಲ್ಲ. ಈ ಮುಖದವನು ಬಾಯಿ ತೆರೆದುಕೊಂಡಿದ್ದ. ಉಸಿರಿಗಾಗಿ ತೆರೆದಷ್ಟು ಅಗಲ.

ಹೇಳಲು ನಾಚಿಕೆಯಾಗಬೇಕು, ಆದರೆ ಹೇಳುತ್ತೇನೆ: ಅವನು ಅದನ್ನು ಎಸೆಯುವ ಮೊದಲು ಕಿಸೆಯಿಂದ ಭೂತಗನ್ನಡಿ ತೆಗೆದು ನೋಡಿದ. ಅಚ್ಚು ನಡುವಿಗೇ ಬಿದ್ದಿದೆ, ಗೆರೆ ಚೊಕ್ಕವಾಗಿದೆ ಎಂದು ಮನಸ್ಸು ಲೆಕ್ಕ ಹಾಕಿತು. ಆಮೇಲೆ ಗೋಡೆಗೆ ಹಣೆ ಇಟ್ಟು ವಾಂತಿ ಮಾಡಿಕೊಂಡ. ವಾಂತಿಯಲ್ಲೂ ಬಿಲ್ಲೆಗಳಿದ್ದವು.

ಮನೆಯಲ್ಲಿ ಅವನಿಗೆ ಒಬ್ಬಳೇ ಮಗಳು. ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಅಪ್ಪನ ತಟ್ಟೆಯಿಂದಲೇ ಉಣ್ಣಬೇಕು, ಅಪ್ಪನ ಲೋಟದಿಂದಲೇ ಕುಡಿಯಬೇಕು, ತಾನು ಕಚ್ಚಿದ ಬಿಸ್ಕತ್ತನ್ನು ಅಪ್ಪನ ಬಾಯಿಗೆ ತುರುಕಬೇಕು. ಜಗತ್ತಿನಲ್ಲಿ ಅವನು ಬೆಲೆ ಕಟ್ಟದೆ ಬಿಟ್ಟಿದ್ದ ವಸ್ತು ಅದೊಂದೇ. ಆ ಸಂಜೆ ಅವಳು ಕುತ್ತಿಗೆಗೆ ಜೋತುಬಿದ್ದು ಮುತ್ತು ಕೊಡಲು ಬಂದಾಗ ಅವನು ಎರಡೂ ಕೈಯಲ್ಲಿ ದೂಡಿಬಿಟ್ಟ. ಅವಳು ಹೋಗಿ ಬಾಗಿಲಿಗೆ ಬಡಿದುಕೊಂಡಳು.

"ಅಪ್ಪಾ ಟೂ! ನಿನ್ ಜೊತೆ ಮಾತೇ ಆಡಲ್ಲ!"

"ಏನ್ರೀ ಇದು, ಮಗು ಮೇಲೆ ಯಾಕೆ ಕೈ ಮಾಡ್ತೀರಿ?" ಹೆಂಡತಿ ಗದರಿದಳು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಅವನ ಪಾಲಿಗೆ ಅದು ಅಕ್ಷರಶಃ ನಿಜವಾಗಿತ್ತು. ತಲೆ ತಗ್ಗಿಸಿ ಬಚ್ಚಲಿಗೆ ಹೋಗಿ ಉಗಿದ. ಈ ಕೊಳಕು ಮಗುವಿಗೆ ತಗಲುವ ಮೊದಲು ಇದನ್ನು ಬಿಡಿಸಿಕೊಳ್ಳಬೇಕು ಎಂಬ ಒಂದೇ ಯೋಚನೆ ತಲೆಯಲ್ಲಿ ಕೊರೆಯತೊಡಗಿತು.

ಅಂಗಡಿಯ ಪುಸ್ತಕದಲ್ಲಿದ್ದ ವಿಳಾಸ ಹಿಡಿದು ಎರಡು ದಿನ ಅಲೆದು ಮುದುಕಿಯ ಮನೆ ಹುಡುಕಿಕೊಂಡು ಹೋದ. ಮೂರನೆಯ ಮಹಡಿ, ಹಗಲಲ್ಲೂ ಕತ್ತಲೆ ಇರುವ ಓಣಿ. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯುದ್ದಕ್ಕೂ ಬಕೆಟ್ಟುಗಳು, ಪಾತ್ರೆಗಳು, ಒಣಗಿ ಗಟ್ಟಿಯಾದ ಬಟ್ಟೆಗಳು. ಡಬ್ಬಿಯಿಂದ ಬಂದಿದ್ದ ಅದೇ ನಾತ ಇಲ್ಲಿ ಗೋಡೆಗೇ ಹತ್ತಿತ್ತು. ನಡುವೆ ಎಲುಬಿನ ಗೂಡಿನಂಥ ಒಬ್ಬ ಗಂಡಸು ಕೂತು ಉಣ್ಣುತ್ತಿದ್ದ. ಗಬಗಬ ಉಣ್ಣುತ್ತಿದ್ದ, ಅಳುತ್ತ ಉಣ್ಣುತ್ತಿದ್ದ. ಪಕ್ಕದಲ್ಲಿ ಮುದುಕಿ ಬಡಿಸುತ್ತ ಕೂತಿದ್ದಳು.

"ನನ್ನ ಮಗ," ಎಂದಳು ತಲೆ ಎತ್ತದೆ. "ನೀವು ಬೆಲೆ ಹೇಳಿದ ಹೊತ್ತಿಗೇ ಇವನ ಬಾಯಿ ಸರಿಹೋಯ್ತು."

ಪರೀಕ್ಷಕ ಬಾಯಿಗೆ ಟವೆಲ್ಲು ಒತ್ತಿಕೊಂಡು, "ಗೊತ್ತಿದ್ದೂ ನನಗೆ ದಾಟಿಸಿದ್ರಾ?" ಎಂದ. ಟವೆಲ್ಲು ತೊಯ್ದುಹೋಯಿತು.

"ಹೇಳಬೇಡಿ ಅಂದೆ. ಕೇಳಿದ್ರಾ? ಕೇಳದೇ ಇರಲಿ ಅಂತಲೂ ಅಂದುಕೊಂಡೆ. ತಾಯಿ ನಾನು, ಏನ್ ಮಾಡ್ಲಿ?"

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಅವಳ ಗಂಡ ಟಂಕಸಾಲೆಯಲ್ಲಿ ಯಂತ್ರದ ಮೇಲಿದ್ದವನು. ಅಚ್ಚು ತಪ್ಪಿದ ನಾಣ್ಯವನ್ನು ಗೇಟಿನಲ್ಲಿ ಒಪ್ಪಿಸದೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಸಾಗಿಸುವುದು ಅಲ್ಲಿನ ಕೆಲವರ ಗುಟ್ಟಿನ ರೂಢಿ. ಈ ನಾಣ್ಯವನ್ನು ಸಾಗಿಸಿದ್ದು ಸದಾ ಹೊಗೆಸೊಪ್ಪು ಜಗಿಯುತ್ತಿದ್ದ ಅವನ ಜೊತೆಗಾರ. ಇಬ್ಬರೂ ಗೇಟು ದಾಟಿದರು. ಜೊತೆಗಾರ ಕೆಮ್ಮಿದ. ನಾಣ್ಯ ಗಂಟಲಿಗೆ ಇಳಿಯಿತು.

"ನಮ್ಮ ಯಜಮಾನ್ರು ಬೆನ್ನಿಗೆ ಗುದ್ದಿದ್ರೆ ಅವನು ಬದುಕ್ತಿದ್ದ. ಕೂಗಿದ್ರೆ ಯಾರಾದ್ರೂ ಬರ್ತಿದ್ರು. ಕೂಗಲಿಲ್ಲ. ಜನ ಬಂದ್ರೆ ನಾಣ್ಯ ಹೋಗುತ್ತಲ್ಲ. ಅವನು ಬಾಯಿ ಬಿಟ್ಟುಕೊಂಡು ಒದ್ದಾಡ್ತಾ ಇದ್ರೆ ಇವರು ನೋಡ್ತಾ ನಿಂತ್ರು. ಎಲ್ಲ ಮುಗಿದ ಮೇಲೆ ಗಂಟಲಿಗೆ ಬೆರಳು ಹಾಕಿ ತೆಗೆದ್ರು."

ಜೊತೆಗಾರನ ತಾಯಿ ಮಾಟ ಬಲ್ಲವಳು. ಮಗನ ಹೆಣದ ಬಾಯಿಂದ ಕಡೆಯ ಎಂಜಲನ್ನು ಬಟ್ಟೆಯಲ್ಲಿ ಹಿಂಡಿಕೊಂಡು ಮಂತ್ರ ಹಾಕಿದಳು. ಮುದುಕಿಯ ಗಂಡನ ಎದುರಿಗೇ ಬಂದು ನಾಣ್ಯಕ್ಕೆ ಸವರಿದಳು. 'ನನ್ನ ಮಗನ ಉಸಿರಿಗಿಂತ ಇದರ ಬೆಲೆ ಜಾಸ್ತಿ ಅಂದ್ಕೊಂಡೆ ಅಲ್ವಾ? ಇದಕ್ಕೆ ಬೆಲೆ ಕಟ್ಟಿದವರ ಬಾಯಿ ನನ್ನ ಮಗನ ಬಾಯಾಗಲಿ' ಎಂದಳು.

"ಗಂಡ ಅದರಲ್ಲೇ ಹೋದ್ರು. ಇದನ್ನ ಮುಟ್ಟಬೇಡ ಅಂತ ಮಗನಿಗೆ ಹೇಳಿದ್ದೆ, ಬೆಲೆ ಹೇಳಿ ಮಾರೋಕೆ ಹೋದ," ಎಂದಳು ಮುದುಕಿ. "ಎಸೆದ್ರೂ ಹೋಗಲ್ಲ, ಕರಗಿಸಿದ್ರೂ ಹೋಗಲ್ಲ. ನೀವು ಹೇಳಿದ್ದಕ್ಕಿಂತ ಹೆಚ್ಚಿನ ಬೆಲೆ ಇನ್ನೊಬ್ಬರು ಹೇಳ್ಬೇಕು. ಆಗ ಅವರಿಗೆ ಹೋಗುತ್ತೆ. ಅದೊಂದೇ ದಾರಿ."

ಇದೇನು ದೊಡ್ಡ ಕಷ್ಟ? ಹೆಚ್ಚು ಬೆಲೆ ಕೂಗಿಸುವುದೇ ಅವನ ಅಂಗಡಿಯ ಕಸುಬು. ಆ ಗಲೀಜಿನ ನಡುವೆಯೂ ಪರೀಕ್ಷಕನಿಗೆ ಹಾಯೆನಿಸಿತು. ವಾರದ ಹರಾಜು ಮರುದಿನ ಸಂಜೆಗೇ ಇತ್ತು. ಎಂಟು ಲಕ್ಷದ ಮಾಲಿಗೆ ಒಂಬತ್ತು ಕೂಗುವ ಶ್ರೀಮಂತರು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರಲ್ಲಿ ಯಾರ ಬಾಯಿ ಕೊಳೆಯುತ್ತದೆ, ಅವರ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಇವನೂ ಮುದುಕಿಯಷ್ಟಾದರೂ ಎಚ್ಚರಿಕೆ ಹೇಳುತ್ತಿದ್ದನೇನೋ.

ನಾಣ್ಯ ಕೈತಪ್ಪಿದರೆ ಬಿಡುಗಡೆಯೂ ಕೈತಪ್ಪುತ್ತದೆ ಎಂಬ ಹೆದರಿಕೆಯಿಂದ ಅದನ್ನು ಅಂಗಡಿಯಲ್ಲಿ ಬಿಡದೆ ಶರ್ಟಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ. ಹರಾಜಿನ ದಿನ ಮಧ್ಯಾಹ್ನ ಮನೆಗೆ ಬಂದ. ಶರ್ಟಿನ ಎದೆಯೆಲ್ಲ ಜೊಲ್ಲಿನಿಂದ ತೊಯ್ದು ಅಂಟಿಕೊಂಡಿತ್ತು. ಹಾಗೆ ಹೋದರೆ ಜನ ಹತ್ತಿರ ಕೂರುವರೇ? ಹೆಂಡತಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ಅವನು ಶರ್ಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಎಸೆದು ಬಚ್ಚಲಿಗೆ ನುಗ್ಗಿದ.

ಬಾಯಿ ತುಂಬ ಬಿಲ್ಲೆಗಳು. ಒಂದರ ಮೇಲೊಂದು, ಅಂಗುಳಿಗೆ ಅಂಟಿಕೊಂಡು. ಬೆರಳು ಹಾಕಿ ಕೆರೆದು ತೆಗೆದ. ತೆಗೆದಷ್ಟೂ ಬಂದವು. ಬೇಸಿನ್ನಿನಲ್ಲಿ ಬಾಯಿ ತೆರೆದ ಪುಟ್ಟಪುಟ್ಟ ಮುಖಗಳು ನೀರಿಗೆ ತೇಲಿ ತೂತಿಗೆ ಸಿಕ್ಕಿಕೊಂಡು ನಿಂತವು.

"ಅಪ್ಪಾ! ಹರಾಜು ಆಟ ಆಡೋಣ್ವಾ?"

ಹಿಂದೆ ತಿರುಗಿದ. ಬಚ್ಚಲ ಬಾಗಿಲಲ್ಲಿ ಗುಬ್ಬಿ. ಟೂ ಬಿಟ್ಟಿದ್ದನ್ನು ಮರೆತ ಮುಖ. ಅಪ್ಪ ಕೂಗುವುದು, ತಾನು ಅದಕ್ಕಿಂತ ಹೆಚ್ಚು ಕೂಗುವುದು, ಕಡೆಗೆ ತಾನೇ ಗೆಲ್ಲುವುದು ಅವಳಿಗೆ ಬಲು ಇಷ್ಟದ ಆಟ. ಎರಡು ಬೆರಳ ನಡುವೆ ಏನೋ ಹಿಡಿದಿದ್ದಳು. ಹಸಿಹಸಿಯಾಗಿ ಹೊಳೆಯಿತು.

"ಈ ನಾಣ್ಯ ನಂಗೆ. ಒಂದು ಸಾವಿರ!"

ಅವನು ಬೇಡ ಎನ್ನಲು ಬಾಯಿ ತೆರೆದ. ಬಿಲ್ಲೆಗಳು ಗಂಟಲಿಗೆ ಜಾರಿದವು. ಉಸಿರು ಕಟ್ಟಿತು. ಕೈ ಬೀಸಿದ. ಅವಳು ನಗುತ್ತ ಹಿಂದೆ ಸರಿದಳು.

"ಒಂದು ಲಕ್ಷ!"

ಅವನು ಮುಗ್ಗರಿಸಿದ. ಒದ್ದೆ ನೆಲ. ಮೊಣಕಾಲು ಊರಿದ. ಇನ್ನೂ ಎಂಟಾಗಿಲ್ಲ, ಇನ್ನೂ ಆಗಿಲ್ಲ.

"ಒಂದು ಕೋಟಿ!"

ಬಾಯಿ ಖಾಲಿಯಾಯಿತು.

ಜೊಲ್ಲಿಲ್ಲ. ಹೊಗೆಸೊಪ್ಪಿಲ್ಲ. ನಾಲಿಗೆಯ ಅಡಿಯಲ್ಲಿ ಏನೂ ಇಲ್ಲ. ಗಾಳಿ ಸಿಹಿಯಾಗಿ ಒಳಗೆ ಬಂತು. ಅವನಿಗೆ ಸಂತೋಷವಾಯಿತು. ಒಂದೇ ಒಂದು ಕ್ಷಣ, ಆದರೆ ಆಯಿತು. ಆ ಸಂತೋಷದ ಹೇಸಿಗೆಯ ಮುಂದೆ ಮುದುಕಿಯ ಮನೆಯ ಆ ಬಕೆಟ್ಟು, ಆ ಬಿಲ್ಲೆ ಯಾವುದೂ ಏನಲ್ಲ.

ಗುಬ್ಬಿ ನಗು ನಿಲ್ಲಿಸಿದಳು. ತುಟಿಯ ಮೂಲೆಯಿಂದ ಜೊಲ್ಲಿನ ಒಂದು ಎಳೆ ಇಳಿಯಿತು. "ಥೂ. ಏನೋ ಕಹಿ," ಎಂದಳು.

"ಎರಡು ಕೋಟಿ!" ಅವನು ಅರಚಿದ.

ಅವನ ಬಾಯಿ ಮತ್ತೆ ತುಂಬಿತು. ಅವಳು ಕೈಯಿಂದ ತುಟಿ ಒರೆಸಿಕೊಂಡಳು. ಕಣ್ಣು ಅರಳಿದವು. ಅಪ್ಪ ಆಡುತ್ತಿದ್ದಾನೆ! ಇಷ್ಟು ದಿನ ಮುಖ ಕೊಡದ ಅಪ್ಪ ಆಡುತ್ತಿದ್ದಾನೆ!

"ಮೂರು ಕೋಟಿ!"

"ಐದು!"

"ಹತ್ತು!"

"ನೂರು ಕೋಟಿ! ಸಾಕು, ಗುಬ್ಬಿ, ಸುಮ್ನಿರು!" ಬಿಲ್ಲೆಗಳ ನಡುವಿನಿಂದ ಮಾತು ತೊದಲಿತು. ಅವಳಿಗೆ ಅದು ಇನ್ನೂ ತಮಾಷೆಯಾಗಿ ಕಂಡಿತು. ಕಿಲಕಿಲ ನಕ್ಕಳು. ಅವನು ಹಾರಿ ಅವಳ ಕೈ ಹಿಡಿದ. ಬಾಯಿ ಮುಚ್ಚಿಸಲು ಅಂಗೈ ಎತ್ತಿದ. ಅವಳು ತಲೆ ತಪ್ಪಿಸಿದಳು. ಲಕ್ಷ, ಕೋಟಿ ಎಂಬ ಹೆಸರಷ್ಟೇ ಗೊತ್ತಿದ್ದ ಅವಳಿಗೆ ನೂರಕ್ಕಿಂತ ಆಚೆ ಎಣಿಸಲು ಬರುತ್ತಿರಲಿಲ್ಲ. ಬಾರದ ಮಕ್ಕಳು ಮಾಡುವ ಉಪಾಯ ಬರುತ್ತಿತ್ತು.

"ಅಪ್ಪ ಎಷ್ಟು ಹೇಳಿದ್ರೂ ಅದಕ್ಕಿಂತ ಒಂದು ಜಾಸ್ತಿ! ಯಾವಾಗ್ಲೂ ಒಂದು ಜಾಸ್ತಿ! ನಾನೇ ಗೆದ್ದೆ!"

ಅವನ ಬಾಯಿ ಖಾಲಿಯಾಯಿತು.

"ಸಾವಿರ ಕೋಟಿ," ಎಂದ. ಏನೂ ಬರಲಿಲ್ಲ. "ಲಕ್ಷ ಕೋಟಿ." ಬರಲಿಲ್ಲ. "ಕೋಟಿ ಕೋಟಿ. ಕೋಟಿ ಕೋಟಿ ಕೋಟಿ." ನಾಲಿಗೆ ಹಗುರವಾಗಿತ್ತು, ಹಲ್ಲು ಚೊಕ್ಕವಾಗಿತ್ತು. ಅವನ ಎದುರಿಗೆ ಗುಬ್ಬಿ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಳು. ಅವಳು ಬಾಯಿ ತೆರೆದಳು. ಅವನ ಅಂಗೈಗೆ ಬೆಚ್ಚಗೆ ಏನೋ ಬಿತ್ತು. ಹಾಲುಹಲ್ಲಿನಷ್ಟೇ ಚಿಕ್ಕದು, ದುಂಡಗೆ.

ಮಾಳಿಗೆಯಿಂದ ಇಳಿದು ಬಂದ ಹೆಂಡತಿ ಮೊದಲು ನೋಡಿದ್ದು ಗಂಡನನ್ನು. ಅವನು ನೆಲದ ಮೇಲೆ ಕೂತು, ಮಗಳನ್ನು ತಬ್ಬಿಕೊಂಡು, ಅವಳ ತುಟಿಗೆ ತನ್ನ ತುಟಿ ಒತ್ತಿ, ಅಲ್ಲಿರುವುದನ್ನೆಲ್ಲ ತನ್ನೊಳಕ್ಕೆ ಎಳೆದುಕೊಳ್ಳುತ್ತಿದ್ದ. ಬರುತ್ತಿತ್ತು. ಆದರೆ ಅವನಲ್ಲಿ ನಿಲ್ಲುತ್ತಿರಲಿಲ್ಲ. ನುಂಗಿದ್ದೆಲ್ಲ ಬರಿ ನೀರಾಗಿ ಹೋಗುತ್ತಿತ್ತು, ಮಗುವಿನ ಬಾಯಿ ಮತ್ತೆ ತುಂಬುತ್ತಿತ್ತು.

"ಏನಾಯ್ತು ಇವಳಿಗೆ? ರೀ, ಏನಾಯ್ತು?"

ಅವನು ತಲೆ ಎತ್ತಿ ಮತ್ತೊಂದು ಸಂಖ್ಯೆ ಹೇಳಿದ. ಅದಕ್ಕಿಂತ ದೊಡ್ಡದು ಹೇಳಿದ. ಹರಾಜಿನ ಹೊತ್ತು ಮೀರಿತು, ಫೋನು ಬಡಿದು ಬಡಿದು ಸುಮ್ಮನಾಯಿತು, ಅವನು ಹೇಳುತ್ತಲೇ ಇದ್ದ. ಗುಬ್ಬಿಗೆ ಈಗ ಮಾತಾಡಲು ಆಗುತ್ತಿರಲಿಲ್ಲ. ಅಮ್ಮನ ಮಡಿಲಲ್ಲಿ ಮಲಗಿ, ಬಾಯಿಗೆ ಒತ್ತಿದ ಟವೆಲ್ಲಿನ ಮೇಲಿಂದ ಅಪ್ಪನನ್ನೇ ನೋಡುತ್ತಿದ್ದಳು. ಅವನು ಒಂದೊಂದು ಸಂಖ್ಯೆ ಹೇಳಿದಾಗಲೂ, ಆಟ ಇನ್ನೂ ಮುಗಿದಿಲ್ಲ ಎಂಬಂತೆ, ಒಂದು ಪುಟ್ಟ ಬೆರಳು ಎತ್ತಿ ತೋರಿಸುತ್ತಿದ್ದಳು.